ಆ 150 ಪದಗಳ ಅರ್ಜಿಗೂ ಅಂಕ ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ನಮ್ಮ ಎರಡನೇ ವರ್ಷದ ಹುಡುಗಿಯೊಬ್ಬಳು ಬರೆದ ಅರ್ಜಿಯ ವಿಷಯ ನಿಮಗೆ ಹೇಳಬೇಕು.

ಕಾಲೇಜು ಗೇಟಿನ ಪಕ್ಕ ಚರಂಡಿ ಮೇಲಿನ ಚಪ್ಪಡಿ ಮುರಿದು ತಿಂಗಳುಗಳಾಗಿತ್ತು. ಅಲ್ಲೇ ಹೂ ಮಾರುವ ಅಮ್ಮ ಒಂದು ಸಂಜೆ ಕಾಲು ಸಿಕ್ಕಿಕೊಂಡು ಬಿದ್ದರು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕ್ತೀನಿ ಎಂದಳು ಹುಡುಗಿ. ಮೊದಲ ಕರಡು ಎರಡು ಪುಟ. ಸಿಟ್ಟೆಲ್ಲ ಇತ್ತು, ಪ್ರಶ್ನೆ ಎಲ್ಲೋ ಕಳೆದುಹೋಗಿತ್ತು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಐದು ಸಲ ತಿದ್ದಿ ಬರೆದಳು. ಕೊನೆಗೆ ಉಳಿದದ್ದು ಇಷ್ಟು: ಚಪ್ಪಡಿ ಹಾಕಿದ್ದು ಯಾವಾಗ, ಖರ್ಚೆಷ್ಟು, ಗುತ್ತಿಗೆದಾರರು ಯಾರು, ಕೆಟ್ಟರೆ ಸರಿ ಮಾಡುವ ಹೊಣೆ ಅವರಿಗೆ ಎಲ್ಲಿಯವರೆಗೆ? 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಪಾಲಿಕೆ ಕಚೇರಿಗೆ ಕೊಟ್ಟು ಬಂದಳು. "ಯಾಕಮ್ಮ ಸುಮ್ನೆ ಇವೆಲ್ಲ, ಪರೀಕ್ಷೆಗೆ ಓದ್ಕೋ" ಎಂದರಂತೆ ಕಚೇರಿಯಲ್ಲಿ.

ಉತ್ತರ ಕೊಡಲು ಕಾಯ್ದೆಯಲ್ಲಿರುವ 30 ದಿನ ಮುಗಿಯುವ ಹೊತ್ತಿಗೆ ವರ್ಕ್ ಆರ್ಡರ್, ಅಂದರೆ ಗುತ್ತಿಗೆದಾರರಿಗೆ ಕೊಟ್ಟ ಕೆಲಸದ ಆದೇಶದ ಪ್ರತಿ ಬಂತು. ಓದಿದರೆ ತಲೆಗೆ ಹತ್ತದ ಕಚೇರಿ ಭಾಷೆ. ಅದನ್ನು ಅವಳು ಒಂದೇ ಹಾಳೆಯಲ್ಲಿ ಬಿಡಿಸಿ ಬರೆದು ಹೂವಿನಮ್ಮನಿಗೆ ಓದಿ ಹೇಳಿದಳು. ಆಯಮ್ಮ ತಕ್ಷಣ ಕೇಳಿದರು: "ಹಂಗಾದ್ರೆ ಈಗ ಯಾರ ಹತ್ರ ಹೋಗ್ಬೇಕು?" ಓದಿದವರು ಮುಂದಿನ ಪ್ರಶ್ನೆ ಕೇಳುವ ಹಾಗೆ ಬರೆಯುವುದು. ನಾನು ವರ್ಷವಿಡೀ ಕಲಿಸಲು ಒದ್ದಾಡುವುದೂ ಅದನ್ನೇ.

ಈ ಕೆಲಸಕ್ಕೆ ಅವಳಿಗೆ ಒಂದು ಅಂಕವೂ ಸಿಗಲಿಲ್ಲ. ಕೊಡಲು ಪಠ್ಯದಲ್ಲಿ ಜಾಗವೇ ಇಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಿಗೆ ಕಾರ್ಪೊರೇಟರುಗಳೇ ಇರಲಿಲ್ಲ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ದೂರು ಎಲ್ಲಿ ಕೊಡಬೇಕು ಅಂತ ಜನ ಈಗಲೂ ನಮ್ಮ ಗೇಟಿನ ಹತ್ತಿರ ಕೇಳುತ್ತಾರೆ. ಬಿಡಿಸಿ ಹೇಳಲು ನಮ್ಮ ಮಕ್ಕಳೇ ಇದ್ದಾರಲ್ವಾ? ಕನ್ನಡ, ಉರ್ದು, ತಮಿಳು, ತೆಲುಗು ಎಲ್ಲಾ ಅವರ ಮನೆಮಾತುಗಳೇ.

ಪತ್ರಿಕೋದ್ಯಮ ಪದವಿಯ ಒಂದು ಸೆಮಿಸ್ಟರ್‌ನಲ್ಲಿ ವಾರ್ಡಿನ ಕೆಲಸಕ್ಕೆ ಕ್ರೆಡಿಟ್ ಕೊಡಿ. ಅರ್ಜಿ, ವಾರ್ಡ್ ಸಮಿತಿ ಸಭೆಯ ವರದಿ, ಗೋಡೆಪತ್ರಿಕೆ, ಯಾವುದಾದರೂ ಸರಿ. ಸಭೆಗೆ ಮಕ್ಕಳನ್ನು ಕೂರಿಸಿಕೊಳ್ಳಿ ಅಂತ ಪಾಲಿಕೆಗಳಿಗೂ ಒಂದು ಪತ್ರ ಹೋಗಲಿ. ಅವರನ್ನು ಯಾರೂ ಗದರಿಸಿ ಕಳಿಸಬಾರದು, ನನಗೆ ಅದರದ್ದೇ ಜಾಸ್ತಿ ಚಿಂತೆ.

ನೀವು ಹೇಳಿದ ದಿನ ಆ ಹುಡುಗಿಯನ್ನು ಕರೆದುಕೊಂಡು ವಿಧಾನಸೌಧಕ್ಕೆ ಬರುತ್ತೇನೆ. ಐದೂ ಕರಡುಗಳನ್ನು ಅವಳು ಇಟ್ಟುಕೊಂಡಿದ್ದಾಳೆ.

ಇಂತಿ,
ಒಬ್ಬ ಪತ್ರಿಕೋದ್ಯಮ ಅಧ್ಯಾಪಕಿ, ಬೆಂಗಳೂರು