ಉಚಿತ ಶಿಬಿರದಿಂದ ನೇರ ಐವಿಎಫ್ ಪ್ಯಾಕೇಜಿಗೆ: ಸಂತಾನ ಚಿಕಿತ್ಸಾ ಕೇಂದ್ರಕ್ಕೊಂದು ದೂರು

ಇವರಿಗೆ,
ಮುಖ್ಯಸ್ಥರು, ಕುಂದುಕೊರತೆ ವಿಭಾಗ,
ಸಂತಾನ ಚಿಕಿತ್ಸಾ ಕೇಂದ್ರ, ಬೆಂಗಳೂರು

ವಿಷಯ: ಕಾರಣ ಪತ್ತೆಹಚ್ಚದೆ ಐವಿಎಫ್ ಪ್ಯಾಕೇಜ್ ಮಾರಿದ ಬಗ್ಗೆ, ಅನಗತ್ಯ ಬಿಲ್ ಮತ್ತು ತಪ್ಪು ಜಾಹೀರಾತಿನ ಬಗ್ಗೆ

ಮಾನ್ಯರೇ,

ನಮ್ಮ ತಾಲ್ಲೂಕಿನಲ್ಲಿ ನೀವು ನಡೆಸಿದ ಉಚಿತ ಸಂತಾನ ಶಿಬಿರಕ್ಕೆ ಬಂದು, ಆಮೇಲೆ ನಿಮ್ಮಲ್ಲಿ ಹಣ ಕಟ್ಟಿದ ದಂಪತಿಗಳ ಪರವಾಗಿ ಬರೆಯುತ್ತಿದ್ದೇವೆ. ಅವರ ಒಪ್ಪಿಗೆಯ ಮೇರೆಗೆ ಕಡತಗಳನ್ನು ಓದಿದ್ದೇವೆ. ಮೊಟ್ಟೆ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸಿ, ಭ್ರೂಣವನ್ನು ಗರ್ಭಕೋಶದಲ್ಲಿಡುವ ಐವಿಎಫ್ ಮೇಲೆ ನಮಗೆ ಸಿಟ್ಟಿಲ್ಲ. ಎರಡೂ ಟ್ಯೂಬ್ (ಅಂಡನಾಳ) ಮುಚ್ಚಿದವರಿಗೆ, ವೀರ್ಯಾಣು ತೀರಾ ಕಡಿಮೆ ಇರುವವರಿಗೆ ಅದು ದೊಡ್ಡ ಆಸರೆ. ಆದರೆ ಮಕ್ಕಳಾಗದಿರಲು ಕಾರಣ ಏನೆಂದು ನೋಡುವ ಮುಂಚೆಯೇ ನಿಮ್ಮವರು ಮುಂಗಡ ಹಣ ಕೇಳಿದ್ದಾರೆ. ನಮ್ಮ ತಕರಾರು ಅದು.

ಶಿಬಿರದಲ್ಲಿ ಹೆಂಗಸರಿಗೆ ಮಾಡಿದ್ದು ಎಎಂಎಚ್ (ಅಂಡಾಶಯದಲ್ಲಿ ಉಳಿದ ಮೊಟ್ಟೆಗಳ ಅಂದಾಜು ಕೊಡುವ ಹಾರ್ಮೋನು) ರಕ್ತಪರೀಕ್ಷೆ ಮಾತ್ರ. ಮುಟ್ಟು ಸರಿಯಾಗಿ ಆಗುತ್ತಿರುವ, ಮದುವೆಯಾಗಿ ಎಂಟು ತಿಂಗಳಾದ 29 ವರ್ಷದವರಿಗೆ 1.1 ಬಂದದ್ದೇ ತಡ, 'ಮೊಟ್ಟೆ ಮುಗಿಯುತ್ತಾ ಬಂದಿದೆ, ಕೂಡಲೇ ಐವಿಎಫ್' ಎಂದು ಚೀಟಿ ಬರೆದುಕೊಟ್ಟಿದ್ದೀರಿ. ಇಂಜೆಕ್ಷನ್ ಕೊಟ್ಟರೆ ಎಷ್ಟು ಮೊಟ್ಟೆ ಸಿಕ್ಕಾವು ಎಂದು ಅಂದಾಜು ಮಾಡಲು ಎಎಂಎಚ್ ಬೇಕು. ತಾನಾಗಿ ಬಸಿರು ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. 35 ದಾಟದವರು ಒಂದು ವರ್ಷ ಪ್ರಯತ್ನಿಸಿದ ಮೇಲೆ, ದಾಟಿದವರು ಆರು ತಿಂಗಳಾದ ಮೇಲೆ ತಪಾಸಣೆಗೆ ಬರಬೇಕೆಂಬುದು ವೈದ್ಯಲೋಕ ಒಪ್ಪಿದ ಲೆಕ್ಕ. ಮುಟ್ಟು ಏರುಪೇರಾದವರು, ಹಿಂದೆ ಕ್ಷಯವೋ ಹೊಟ್ಟೆಯ ಆಪರೇಷನ್ನೋ ಆದವರು ಕಾಯಬೇಕಿಲ್ಲ. ಈ ಮಹಿಳೆಗೆ ಅಂಥದ್ದೇನೂ ಇರಲಿಲ್ಲ.

ಗಂಡಸರ ತಪಾಸಣೆಯಂತೂ ಶಾಸ್ತ್ರಕ್ಕೆ ಮುಗಿದಿದೆ. ನಮ್ಮ ಮುಂದಿರುವ ಒಂದು ವೀರ್ಯ ವರದಿಯಲ್ಲಿ ಎಷ್ಟು ದಿನದ ಸಂಯಮ, ಎಷ್ಟು ಗಂಟೆಗೆ ಸಂಗ್ರಹ ಎಂಬ ಎರಡು ಕಲಂ ಖಾಲಿ. ಮಾದರಿಯನ್ನು ಊರಿನಿಂದ ಬಸ್ಸಿನಲ್ಲಿ ತಂದದ್ದು. ಚಲನೆ 22% ಎಂದು ಬರೆದು, ಆ ಒಂದೇ ವರದಿಯ ಮೇಲೆ ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಮೊಟ್ಟೆಯೊಳಗೆ ಸೇರಿಸುವ ವಿಧಾನ) ನಿಗದಿ ಮಾಡಲಾಗಿದೆ. 2ರಿಂದ 7 ದಿನದ ಸಂಯಮ ಬೇಕು, ಮಾದರಿ ಮೈಬಿಸಿಯಲ್ಲಿರಬೇಕು, ಒಂದು ಗಂಟೆಯೊಳಗೆ ನೋಡಬೇಕು. ತಡವಾದಷ್ಟೂ ಚಲನೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಟ್ಟು ಚಲನೆಯ ಕೆಳಮಿತಿ 42%, ಸಾಂದ್ರತೆಯದ್ದು ಮಿಲಿಲೀಟರಿಗೆ 1.6 ಕೋಟಿ. ಅದಕ್ಕಿಂತ ಕಡಿಮೆ ಬಂದರೆ ಪರೀಕ್ಷೆ ಮತ್ತೊಮ್ಮೆ ಆಗಬೇಕು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಹೋದ ತಿಂಗಳ ಜ್ವರವೂ ವರದಿಯನ್ನು ಕೆಡಿಸಬಲ್ಲದು. ಗುಟ್ಕಾ, ಬೀಡಿ ಇದೆಯೇ ಎಂದು ಯಾರೂ ಕೇಳಿಲ್ಲ. ಜಿಮ್‌ನಲ್ಲಿ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುತ್ತೀರಾ ಎಂದೂ ಕೇಳಿಲ್ಲ. ಹೊರಗಿನಿಂದ ಆ ಹಾರ್ಮೋನು ಬಂದರೆ ಮೆದುಳು ವೃಷಣಕ್ಕೆ ಸಂದೇಶ ಕಳಿಸುವುದನ್ನೇ ನಿಲ್ಲಿಸಿ, ವೀರ್ಯಾಣು ಸೊನ್ನೆಗಿಳಿಯಬಹುದು. ಚುಚ್ಚುಮದ್ದು ಬಿಟ್ಟರೆ ಬಹುಮಟ್ಟಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಗಂಡಸನ್ನು ಎದ್ದು ನಿಲ್ಲಿಸಿ, ಕೈಯಿಂದ ಮುಟ್ಟಿ ವೆರಿಕೋಸಿಲ್ (ವೃಷಣದ ಮೇಲಿನ ರಕ್ತನಾಳಗಳ ಊತ) ಇದೆಯೇ ಎಂದು ನೋಡಲು ಐದು ನಿಮಿಷ ಸಾಕಿತ್ತು.

ಇನ್ನೊಂದು ಕಡತ ಪಿಸಿಒಎಸ್ (ಹಾರ್ಮೋನು ಏರುಪೇರಿನಿಂದ ಅಂಡೋತ್ಪತ್ತಿ ಸರಿಯಾಗಿ ಆಗದ ತೊಂದರೆ) ಇರುವವರದ್ದು. ಇಂಥವರಿಗೆ ಮೊದಲು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ ಹಾರ್ಮೋನು ನೋಡಬೇಕು. ತೂಕ ಹೆಚ್ಚಿದ್ದರೆ 5ರಿಂದ 10% ಇಳಿಸಿದರೂ ಹಲವರಲ್ಲಿ ಅಂಡೋತ್ಪತ್ತಿ ತಿರುಗಿ ಶುರುವಾಗುತ್ತದೆ. ಆಮೇಲೆ ಅಂಡೋತ್ಪತ್ತಿ ಮಾಡಿಸುವ ಗುಳಿಗೆ ಲೆಟ್ರೊಜೋಲ್ 2.5 ಮಿಲಿಗ್ರಾಂ, ಮುಟ್ಟಿನ ಆರಂಭದಲ್ಲಿ ಐದು ದಿನ, ಜೊತೆಗೆ ಸ್ಕ್ಯಾನ್. ನಮ್ಮ ದೇಶದಲ್ಲಿ ಬಂಜೆತನಕ್ಕೆ ಈ ಗುಳಿಗೆಯನ್ನು 2011ರಲ್ಲಿ ನಿಷೇಧಿಸಿದ್ದು ನಿಜ, ಆದರೆ 2017ರಲ್ಲೇ ನಿಷೇಧ ತೆಗೆದಿದ್ದಾರೆ. ಆ ಅಗ್ಗದ ಗುಳಿಗೆಯನ್ನು ಬದಿಗಿಟ್ಟು ದಿನಕ್ಕೆ 225 ಯೂನಿಟ್ ಮೊಟ್ಟೆ ಬೆಳೆಸುವ ಇಂಜೆಕ್ಷನ್ ಕೊಟ್ಟಿದ್ದೀರಿ. ಫಾಲಿಕಲ್‌ಗಳು (ಮೊಟ್ಟೆ ಬೆಳೆಯುವ ಚೀಲಗಳು) ಮೂವತ್ತು ದಾಟಿದ್ದು ಸ್ಕ್ಯಾನಿನಲ್ಲಿ ಕಾಣುತ್ತಿದ್ದರೂ ಮೊಟ್ಟೆ ಹಣ್ಣಾಗಿಸುವ ಕೊನೆಯ ಚುಚ್ಚುಮದ್ದಾದ ಎಚ್‌ಸಿಜಿ 10,000 ಯೂನಿಟ್ ಕೊಟ್ಟು, ಚಿಕಿತ್ಸೆಯ ಅದೇ ಸೈಕಲ್ಲಿನಲ್ಲಿ ಭ್ರೂಣ ಇಟ್ಟಿದ್ದೀರಿ. ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಿತು. ಎಚ್‌ಸಿಜಿ ಬದಲು ಅದೇ ಕೆಲಸ ಮಾಡುವ ಅಗೋನಿಸ್ಟ್ ಟ್ರಿಗರ್ ಚುಚ್ಚುಮದ್ದು ಕೊಟ್ಟು, ಭ್ರೂಣಗಳನ್ನೆಲ್ಲ ಶೈತ್ಯೀಕರಿಸಿಟ್ಟಿದ್ದರೆ ಈ ಅಪಾಯ ಬಹುಪಾಲು ತಪ್ಪುತ್ತಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ 'ದಿನಕ್ಕೆ ಒಂದು ಕಿಲೋ ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಕೂಡಲೇ ಬನ್ನಿ' ಎಂಬ ಒಂದು ಸಾಲೂ ಇಲ್ಲ. ದಾಖಲಾತಿಯ ಬಿಲ್ಲು ಮಾತ್ರ ಪ್ಯಾಕೇಜಿನ ಹೊರಗೆ ಬಂತು.

ಮೂರನೆಯದನ್ನು ಓದಿ ನಮಗೇ ಬೇಸರವಾಯಿತು. ಎಚ್‌ಎಸ್‌ಜಿ (ಟ್ಯೂಬ್‌ಗಳ ಎಕ್ಸ್‌ರೇ) ವರದಿ 'ಬಲ ಟ್ಯೂಬ್ ಊದಿದೆ, ಹೈಡ್ರೊಸಾಲ್ಪಿಂಕ್ಸ್' ಎಂದು ಸ್ಪಷ್ಟವಾಗಿ ಹೇಳುತ್ತದೆ. ಆ ಟ್ಯೂಬಿನ ನೀರು ಗರ್ಭಕೋಶಕ್ಕೆ ಸೋರಿ ಭ್ರೂಣ ಅಂಟಿಕೊಳ್ಳಲು ಬಿಡುವುದಿಲ್ಲ. ಐವಿಎಫ್ ಫಲ ಸುಮಾರು ಅರ್ಧಕ್ಕಿಳಿಯುತ್ತದೆ. ಹಾಗಾಗಿ ಮೊದಲು ಲ್ಯಾಪ್ರೊಸ್ಕೋಪಿಯಲ್ಲಿ ಟ್ಯೂಬ್ ತೆಗೆಯಬೇಕು, ಇಲ್ಲವೇ ಗರ್ಭಕೋಶದ ಬದಿಯಲ್ಲಿ ಮುಚ್ಚಬೇಕು. ಅದ್ಯಾವುದನ್ನೂ ಮಾಡದೆ ಎರಡು ಸಲ ಭ್ರೂಣ ಇಟ್ಟು, ಎರಡು ಸಲ ಹಣ ಪಡೆದಿದ್ದೀರಿ. ನಮ್ಮಲ್ಲಿ ಟ್ಯೂಬ್ ಹೀಗೆ ಹಾಳಾಗಲು ಜನನಾಂಗದ ಕ್ಷಯ ದೊಡ್ಡ ಕಾರಣ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ಬರಬಹುದು. ಗರ್ಭಕೋಶದ ಒಳಪದರದ ಚೂರನ್ನು ಕಲ್ಚರ್‌ಗೆ ಕಳಿಸಿದ ದಾಖಲೆಯೂ ಕಡತದಲ್ಲಿ ಇಲ್ಲ. ರೋಗ ಖಚಿತವಾಗಿದ್ದರೆ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಹಾಗೆಂದು ಪಿಸಿಆರ್ ಒಂದೇ ಪಾಸಿಟಿವ್ ಬಂದವರಿಗೆಲ್ಲ ಆರು ತಿಂಗಳ ಗುಳಿಗೆ ಬರೆಯುವುದೂ ತಪ್ಪು, ಅದನ್ನೂ ಬೇರೆಡೆ ನೋಡಿದ್ದೇವೆ.

ಬಿಲ್ಲುಗಳಲ್ಲಿ 'ಎಂಡೊಮೆಟ್ರಿಯಲ್ ಸ್ಕ್ರ್ಯಾಚ್' ಪದೇ ಪದೇ ಕಾಣುತ್ತದೆ. 2019ರಲ್ಲಿ ಪ್ರಕಟವಾದ, 1,364 ಮಹಿಳೆಯರ ಮೇಲಿನ ಪ್ರಯೋಗದಲ್ಲಿ ಒಳಪದರ ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಮಗು ಹುಟ್ಟಿದ ಪ್ರಮಾಣ ಒಂದೇ, ಸುಮಾರು 26%. ನೋವು ಮತ್ತು ಖರ್ಚು ಬಿಟ್ಟರೆ ಅದರಿಂದ ಏನು ಸಿಕ್ಕಿತು? ವೀರ್ಯ ಸರಿಯಿದ್ದವರಿಗೂ ಇಕ್ಸಿ ಶುಲ್ಕ ಹಾಕಿರುವುದಕ್ಕೂ ಇದೇ ಪ್ರಶ್ನೆ.

ಶಿಬಿರದ ಬ್ಯಾನರಿನಲ್ಲಿ '80% ಯಶಸ್ಸು' ಎಂದಿತ್ತು. ಯಾವುದರ ಯಶಸ್ಸು? ಭ್ರೂಣ ಇಟ್ಟ ಎರಡು ವಾರಕ್ಕೆ ರಕ್ತಪರೀಕ್ಷೆ ಪಾಸಿಟಿವ್ ಬಂದದ್ದೋ, ಸ್ಕ್ಯಾನಿನಲ್ಲಿ ಎದೆಬಡಿತ ಕಂಡದ್ದೋ, ಮಗು ಮನೆಗೆ ಬಂದದ್ದೋ? ಮೊಟ್ಟೆಯೇ ಸಿಗದೆ, ಭ್ರೂಣವೇ ಬೆಳೆಯದೆ ಅರ್ಧಕ್ಕೆ ನಿಂತವರು ಈ ಲೆಕ್ಕದಲ್ಲಿ ಇದ್ದಾರೆಯೇ? ದಾನಿಯ ಮೊಟ್ಟೆ ಬಳಸಿದವರನ್ನು ಇದರಲ್ಲೇ ಸೇರಿಸಿದ್ದೀರಾ?

2022ರ ಜನವರಿ 25ರಿಂದ ಜಾರಿಯಲ್ಲಿರುವ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆಯ ಪ್ರಕಾರ ಫಲದ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ ಬಸಿರಿನ ಅಪಾಯ ಎಲ್ಲವನ್ನೂ ಮೊದಲೇ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಭ್ರೂಣ ಗರ್ಭಕೋಶ ಸೇರುವ ಮುಂಚೆ ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ನೀವು ಮೊಟ್ಟೆ ತೆಗೆಯುವ ದಿನ ಬೆಳಿಗ್ಗೆ ಇಂಗ್ಲಿಷ್ ಫಾರಂ ಕೊಟ್ಟು, ಕನ್ನಡ ಮಾತ್ರ ಓದಬಲ್ಲವರಿಂದ ಸಹಿ ಮಾಡಿಸಿದ್ದೀರಿ.

ಆದ್ದರಿಂದ ನಮ್ಮ ಬೇಡಿಕೆ: ಸಂಬಂಧಪಟ್ಟವರಿಗೆ ಪೂರ್ತಿ ಕಡತದ ಪ್ರತಿಯನ್ನು ವೈದ್ಯಕೀಯ ಮಂಡಳಿಯ ನಿಯಮದಂತೆ 72 ಗಂಟೆಯೊಳಗೆ ಕೊಡಿ. ಶೈತ್ಯೀಕರಿಸಿಟ್ಟ ಭ್ರೂಣಗಳು ಎಷ್ಟು, ಯಾವ ದರ್ಜೆಯವು, ವಾರ್ಷಿಕ ಬಾಡಿಗೆ ಎಷ್ಟು ಎಂಬುದು ಅದರಲ್ಲಿರಲಿ. ಸ್ಕ್ರ್ಯಾಚ್, ಅನಗತ್ಯ ಇಕ್ಸಿ, ಟ್ಯೂಬ್ ಸರಿಪಡಿಸದೆ ಮಾಡಿದ ಎರಡು ಭ್ರೂಣ ವರ್ಗಾವಣೆ ಮತ್ತು ಹೊಟ್ಟೆಯಲ್ಲಿ ನೀರು ತುಂಬಿ ದಾಖಲಾದವರ ಬಿಲ್ಲಿನ ಹಣ ಹಿಂದಿರುಗಿಸಿ. ಶುರುವಾದ ಪ್ರತಿ ಸೈಕಲ್ಲಿಗೆ ಎಷ್ಟು ಹೆರಿಗೆ ಎಂಬ ಲೆಕ್ಕವನ್ನು ವಯಸ್ಸಿನ ಪ್ರಕಾರ ಪ್ರಕಟಿಸುವವರೆಗೆ ಆ ಬ್ಯಾನರ್ ಹಾಕಬೇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಇಂಜೆಕ್ಷನ್ ಶುರುವಾಗುವ ಮೊದಲೇ ಕೈಗೆ ಸಿಗಲಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಜ್ಯದ ಎಆರ್‌ಟಿ ಪ್ರಾಧಿಕಾರಕ್ಕೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ಇದೇ ದಾಖಲೆಗಳನ್ನು ಸಲ್ಲಿಸುತ್ತೇವೆ.

ಇಂತಿ,
ದಂಪತಿಗಳ ಪರವಾಗಿ ಸಹಿ ಮಾಡಿದವರು

ಲಗತ್ತು: ಒಪ್ಪಿಗೆ ಪತ್ರಗಳು, ವೀರ್ಯ ಮತ್ತು ಎಚ್‌ಎಸ್‌ಜಿ ವರದಿಗಳ ಪ್ರತಿ, ಬಿಲ್ಲುಗಳು, ಬ್ಯಾನರಿನ ಫೋಟೋ