ದರಪಟ್ಟಿಯ ಬದಲಾವಣೆ ಕುರಿತು ಸದಸ್ಯರಿಗೂ ಗ್ರಾಹಕರಿಗೂ ಪತ್ರ

ಮಾಸ್ಕೋ, ಮಾರ್ಚ್ 1924

ನಮ್ಮ ಬಳಕೆದಾರರ ಸಹಕಾರ ಸಂಘದ ಸದಸ್ಯರಲ್ಲಿ ಮತ್ತು ಗ್ರಾಹಕರಲ್ಲಿ ಆಡಳಿತ ಮಂಡಳಿಯ ವಿನಂತಿ.

ಇದೇ 17ರ ಸೋಮವಾರದಿಂದ ಅಂಗಡಿಯ ಎಲ್ಲ ಸರಕಿನ ಬೆಲೆಯನ್ನೂ ಚಿನ್ನದ ಬೆಲೆಗೆ ಕಟ್ಟಿದ ಹೊಸ ಹಣದಲ್ಲಿ, ಅಂದರೆ ಚಿನ್ನದ ರೂಬಲ್ ಮತ್ತು ಕೊಪೆಕ್‌ಗಳಲ್ಲಿ ಮಾತ್ರ ಬರೆದು ಹಾಕಲಾಗುವುದು. ಬಾಗಿಲ ಪಕ್ಕದ ಕಪ್ಪುಹಲಗೆಯ ಮೇಲೆ ಬೆಳಿಗ್ಗೆ ಒಮ್ಮೆ ಬರೆದು, ಎಷ್ಟೋ ದಿನ ಮಧ್ಯಾಹ್ನ ಅಳಿಸಿ ಮತ್ತೆ ಬರೆಯುತ್ತಿದ್ದ ಆ ದಿನದ ದರ ಇನ್ನು ಮುಂದೆ ಇರುವುದಿಲ್ಲ. ಒಮ್ಮೆ ಬರೆದ ಬೆಲೆ ಆ ಸರಕು ತೀರಿ ಹೊಸದು ಬರುವವರೆಗೂ ಹಾಗೆಯೇ ಉಳಿಯುತ್ತದೆ.

ಮನೆಯಲ್ಲಿ ಉಳಿದಿರುವ ಹಳೆಯ ಸೋವಿಯತ್ ನೋಟುಗಳನ್ನು, ಅಂದರೆ ನಾವೆಲ್ಲ ಸೋವ್‌ಜ್ನಾಕ್ ಎನ್ನುವ ನೋಟುಗಳನ್ನು, ಯಾರೂ ಗಾಬರಿಯಿಂದ ಸಂತೆಯಲ್ಲಿ ಸಿಕ್ಕಷ್ಟಕ್ಕೆ ಕೊಟ್ಟುಬಿಡಬೇಕಾಗಿಲ್ಲ. ಮಾರ್ಚ್ 7ರ ಆದೇಶದಂತೆ 1923ರ ಮುದ್ರಣದ 50,000 ರೂಬಲ್‌ಗೆ ಒಂದು ಚಿನ್ನದ ರೂಬಲ್, 500ಕ್ಕೆ ಒಂದು ಕೊಪೆಕ್. 1922ರ ಮುದ್ರಣದ ನೋಟಾದರೆ 50 ಲಕ್ಷ, ಅದಕ್ಕೂ ಹಿಂದಿನದಾದರೆ 5,000 ಕೋಟಿ ಬೇಕಾಗುತ್ತದೆ. ಈ ಲೆಕ್ಕದಲ್ಲಿ ಮೇ 10ರವರೆಗೆ ನಮ್ಮ ಗಲ್ಲಾಪೆಟ್ಟಿಗೆಯಲ್ಲೇ ಅವುಗಳನ್ನು ತೆಗೆದುಕೊಳ್ಳುತ್ತೇವೆ. ಆಮೇಲೆ ಮೇ ಕೊನೆಯವರೆಗೆ ವಿನಿಮಯಕ್ಕೆ ಅವಕಾಶವಿದೆ, ಆದರೆ ನಮ್ಮಲ್ಲಲ್ಲ. ಓದು ಬಾರದ ಅಜ್ಜಿಯರಿಗೆ ನಮ್ಮ ಗುಮಾಸ್ತರು ಎಣಿಸಿ ತೋರಿಸುತ್ತಾರೆ. ದಯವಿಟ್ಟು ಮುದ್ರಣದ ವರ್ಷದ ಪ್ರಕಾರ ಕಟ್ಟುಗಳನ್ನು ಬೇರೆಬೇರೆ ಮಾಡಿ ತನ್ನಿ.

ಇನ್ನು, ವರ್ಷವಿಡೀ ನಾವು ಕೇಳಿಸಿಕೊಂಡ ಆಕ್ಷೇಪಕ್ಕೆ ಬರುತ್ತೇವೆ. "ಬೆಳಿಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು, ಸಹಕಾರದ ಹೆಸರಿಟ್ಟುಕೊಂಡು ನೀವೂ ನೆಪ್‌ಮನ್‌ಗಳಾದಿರಿ" ಎಂದು, ಅಂದರೆ ಲಾಭಕ್ಕಾಗಿ ವ್ಯಾಪಾರ ಮಾಡುವ ಹೊಸ ಖಾಸಗಿ ವರ್ತಕರಾದಿರಿ ಎಂದು, ಸದಸ್ಯರ ಸಭೆಯಲ್ಲಿ ಹೇಳಿದ್ದೀರಿ, ಸಾಲಿನಲ್ಲಿ ನಿಂತು ಹೇಳಿದ್ದೀರಿ, ನಮ್ಮ ಹಲಗೆಯ ಮೇಲೆಯೇ ಸುಣ್ಣದಕಡ್ಡಿಯಿಂದ ಬರೆದೂ ಹೋಗಿದ್ದೀರಿ. ಈ ಮಾತು ನಮ್ಮನ್ನು ನೋಯಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ದರ ಏರಿಸಿದಾಗ ನೀವು ತೆತ್ತ ಆ ಹೆಚ್ಚುವರಿ ಹಣ ಎಲ್ಲಿ ಹೋಯಿತೆಂದು ಲೆಕ್ಕ ಒಪ್ಪಿಸುತ್ತೇವೆ. ನೀವು ಕೊಟ್ಟದ್ದು ಸೋವ್‌ಜ್ನಾಕ್, ಬಟ್ಟೆಯ ಟ್ರಸ್ಟಿನವರು, ಅಂದರೆ ಸರ್ಕಾರಿ ಗಿರಣಿಗಳ ಒಕ್ಕೂಟದವರು, ನಮ್ಮಿಂದ ಕೇಳಿದ್ದು ಚೆರ್ವೊನೆಟ್ಸ್. 1922ರ ಕೊನೆಯಲ್ಲಿ ಸ್ಟೇಟ್ ಬ್ಯಾಂಕು ಹೊರಡಿಸಿದ ಆ ನೋಟು ಯುದ್ಧಪೂರ್ವದ ಹತ್ತು ಚಿನ್ನದ ರೂಬಲ್‌ಗೆ ಸಮ, ಅದರ ಬೆಲೆ ನಿಂತಲ್ಲೇ ನಿಂತಿತ್ತು. ಖಜಾನೆಯ ಕೊರತೆ ತುಂಬಲು ಅಚ್ಚಾಗುತ್ತಲೇ ಇದ್ದ ಸೋವ್‌ಜ್ನಾಕ್ ಮಾತ್ರ ದಿನದಿನಕ್ಕೂ ಕರಗುತ್ತಿತ್ತು. ಹಾಗಾಗಿ ಶನಿವಾರ ಸಂಜೆ ಎಣಿಸಿ ಚೀಲಕ್ಕೆ ತುಂಬಿದ ಹಣವನ್ನು ಸೋಮವಾರ ಚೆರ್ವೊನೆಟ್ಸ್‌ಗೆ ಬದಲಾಯಿಸಲು ಹೋದಾಗ, ಮಾರಿದಷ್ಟು ಉಪ್ಪು, ಸೀಮೆಎಣ್ಣೆ, ಬೆಂಕಿಕಡ್ಡಿಗಳನ್ನು ಮತ್ತೆ ಕೊಳ್ಳುವುದಕ್ಕೂ ಅದು ಸಾಲುತ್ತಿರಲಿಲ್ಲ. ಚೆರ್ವೊನೆಟ್ಸ್ ಹಿಡಿದು ಬಂದ ಕಾರ್ಮಿಕರಿಗೂ ಸುಖವಿರಲಿಲ್ಲ: ಸ್ವಲ್ಪ ಉಪ್ಪಿಗಾಗಿ ಹತ್ತು ರೂಬಲ್‌ನ ನೋಟು ಮುರಿಸಿದರೆ ಉಳಿದ ಚಿಲ್ಲರೆಯನ್ನು ನಾವು ಕೊಡಬೇಕಾಗಿದ್ದುದು ಅದೇ ಕರಗುವ ಕಾಗದದಲ್ಲಿ. ಕೈಯಲ್ಲಿ ಹಿಡಿದಿದ್ದವರು ನೀವಾಗಿರಲಿ ನಾವಾಗಿರಲಿ, ಕಾಗದ ಇಬ್ಬರಿಗೂ ಒಂದೇ ಬಗೆ ಮೋಸಮಾಡಿತು.

ಬಟ್ಟೆಯ ಬೆಲೆಯಂತೂ ನಮ್ಮ ಕೈಯಲ್ಲಿ ಎಂದೂ ಇರಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ 12ನೆಯ ಮಹಾಧಿವೇಶನದಲ್ಲಿ ನಾಯಕ ಟ್ರಾಟ್ಸ್ಕಿಯವರು ತೋರಿಸಿದ "ಕತ್ತರಿ", ಅಂದರೆ ಕಾರ್ಖಾನೆ ಸರಕಿನ ಬೆಲೆಗೂ ರೈತನ ಬೆಳೆಯ ಬೆಲೆಗೂ ನಡುವೆ ಬಾಯ್ತೆರೆದ ಅಂತರ, ನಿಮಗೆ ಗೊತ್ತಿರುವುದೇ. ಅಕ್ಟೋಬರ್ ಹೊತ್ತಿಗೆ ಅದರ ಅಲಗುಗಳು ಎಷ್ಟು ಅಗಲಿಸಿದ್ದವೆಂದರೆ, 1913ರಲ್ಲಿ 100 ಇದ್ದ ಕಾರ್ಖಾನೆ ಸರಕಿನ ಬೆಲೆ 276ಕ್ಕೆ ಏರಿತ್ತು, ರೈತನ ಬೆಳೆಯದು 89ಕ್ಕೆ ಇಳಿದಿತ್ತು. ಗಾಡಿ ತುಂಬ ರೈ ಧಾನ್ಯ ತಂದ ರೈತ ನಮ್ಮ ಬಟ್ಟೆಯ ಬೆಲೆಚೀಟಿ ನೋಡಿ ಬೈದು ಹೋದನೆಂದರೆ ತಪ್ಪು ಅವನದಲ್ಲ. ಆದರೆ ಆ ಬೈಗುಳದ ಸರಿಯಾದ ವಿಳಾಸ ನಮ್ಮ ಅಂಗಡಿಯೂ ಅಲ್ಲ. ಬಟ್ಟೆಯ ಜೊತೆಗೆ ಯಾರೂ ಕೇಳದ ಸಾಮಾನನ್ನೂ ಕಟ್ಟಿ ಕಳಿಸುವ ಟ್ರಸ್ಟಿನ ಪದ್ಧತಿಗೆ ನಾವು ತೆತ್ತದ್ದೆಷ್ಟು ಎಂಬುದನ್ನು ತಿಳಿಯಬೇಕಾದವರು ನಮ್ಮ ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿರುವ ಪೆಟ್ಟಿಗೆಗಳನ್ನು ಬಂದು ನೋಡಬಹುದು. ಚಳಿಗಾಲದಲ್ಲಿ ಬ್ಯಾಂಕು ಸಾಲ ಬಿಗಿಮಾಡಿದ ಮೇಲೆ ಟ್ರಸ್ಟುಗಳು ದಾಸ್ತಾನು ಹೊರಹಾಕಿ ಬೆಲೆ ಇಳಿಸಿದವು, ಸಂತೋಷ. ಸೆಪ್ಟೆಂಬರ್‌ನಲ್ಲಿ ಏರಿದ ಬೆಲೆಗೆ ನಾವು ಕೊಂಡಿಟ್ಟ ಬಟ್ಟೆಯನ್ನು ಈಗ ಇಳಿದ ಬೆಲೆಗೇ ನಿಮಗೆ ಕೊಡುತ್ತಿದ್ದೇವೆ, ಆ ನಷ್ಟವನ್ನು ಯಾರೂ ತುಂಬಿಕೊಟ್ಟಿಲ್ಲ.

ಆದರೆ ಒಂದು ತಪ್ಪು ನಮ್ಮದೇ. ಜನವರಿಯಿಂದ ಈಚೆಗೆ ಚಿಲ್ಲರೆ ಸಿಗದ ಕಾರಣ ಲೆಕ್ಕವನ್ನು ಯಾವಾಗಲೂ ಮೇಲಕ್ಕೇ ಸರಿಹೊಂದಿಸುತ್ತಿದ್ದೆವು. ಅದು ಮಂಡಳಿಯ ತೀರ್ಮಾನವಾಗಿತ್ತು, ಗಲ್ಲಾದಲ್ಲಿ ಕುಳಿತವರದ್ದಲ್ಲ. ಬೈಗುಳ ತಿಂದವರು ಮಾತ್ರ ಅವರು. ಅವರಲ್ಲಿಯೂ ನಿಮ್ಮಲ್ಲಿಯೂ ಕ್ಷಮೆ ಕೇಳುತ್ತೇವೆ. ಸೋಮವಾರದಿಂದ ಕೊಪೆಕ್‌ನ ಭಾಗ ಉಳಿದರೆ ಅದನ್ನು ಕೈಬಿಟ್ಟು ಕೆಳಗಿನ ಲೆಕ್ಕಕ್ಕೇ ಇಳಿಸುತ್ತೇವೆ. ತೂಕದ ವಿಷಯದಲ್ಲಿ ಮಾತ್ರ ನಾವು ಯಾರಲ್ಲಿಯೂ ಕ್ಷಮೆ ಕೇಳಬೇಕಾಗಿಲ್ಲ, ಆಹಾರದ ಅಭಾವವಿದ್ದ 1920ರ ಚಳಿಗಾಲದಲ್ಲೂ ಕೇಳಬೇಕಾಗಿರಲಿಲ್ಲ. ಅಂದು ಸಾಲಿನಲ್ಲಿ ನಿಂತವರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಹೊಸ ಬೆಳ್ಳಿ ಮತ್ತು ತಾಮ್ರದ ನಾಣ್ಯಗಳು ಇನ್ನೂ ಸಾಕಷ್ಟು ಕೈಸೇರದ ಕಾರಣ ಸದ್ಯಕ್ಕೆ ಸಂಘದ ಮುದ್ರೆಯಿರುವ ಚೀಟಿಗಳನ್ನು ಚಿಲ್ಲರೆಯಾಗಿ ಕೊಡುತ್ತೇವೆ. "ಮತ್ತೆ ಕಾಗದವೇ?" ಎಂದು ನೀವು ಕೇಳುವುದು ನಮಗೆ ಈಗಲೇ ಕೇಳಿಸುತ್ತಿದೆ. ಈ ಚೀಟಿ ಬರೆದಷ್ಟು ಕೊಪೆಕ್‌ಗೆ ನಮ್ಮ ಅಂಗಡಿಯಲ್ಲಿ ಯಾವ ದಿನವಾದರೂ ಸಲ್ಲುತ್ತದೆ, ನಾಣ್ಯ ಬಂದ ದಿನ ನಾಣ್ಯವಾಗುತ್ತದೆ. ಎಷ್ಟು ಕೊಟ್ಟಿದ್ದೇವೆಂಬ ಲೆಕ್ಕವನ್ನು ಪ್ರತಿ ಶನಿವಾರ ಅದೇ ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ.

ಕೊನೆಯದಾಗಿ, ಡಿಸೆಂಬರ್ 28ರ ಆದೇಶದ ನಂತರ ಸದಸ್ಯತ್ವ ಸ್ವಇಚ್ಛೆಯದು. 1919ರಿಂದ ಎಲ್ಲರ ಹೆಸರೂ ತಾನಾಗಿಯೇ ಪಟ್ಟಿಯಲ್ಲಿತ್ತು. ಈಗ ಉಳಿಯಬೇಕೆಂದವರು ಬಂದು ಷೇರು ಹಣ ಕಟ್ಟಿ ಸಹಿ ಮಾಡಬೇಕು, ಕಂತಿನಲ್ಲಿ ಕಟ್ಟಿದರೂ ಆಗುತ್ತದೆ. ಖರೀದಿಯ ಪುಸ್ತಕಗಳನ್ನು ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ಹೊತ್ತು ಮೇಜಿನ ಮೇಲೆ ತೆರೆದಿಡುತ್ತೇವೆ. ನಮ್ಮನ್ನು ನೆಪ್‌ಮನ್ ಎಂದವರು ಮೊದಲು ಅದನ್ನು ನೋಡಿ, ಆಮೇಲೆ ಸಹಿ ಹಾಕುವುದೋ ಬಿಡುವುದೋ ತೀರ್ಮಾನಿಸಲಿ.

ಇಂತಿ,
ಆಡಳಿತ ಮಂಡಳಿಯ ಪರವಾಗಿ
ಸಂಘದ ಕಾರ್ಯದರ್ಶಿ