ಹಸಿರು ಸೀರೆಯ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳೋದೇ ಮರೆತುಬಿಟ್ಟೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ನವೆಂಬರ್ ಬಂತೆಂದರೆ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಹಾರೆ, ಗುದ್ದಲಿ ಹಿಡಿದು ಸವೆದ ಬೆರಳು, ಎರಡು ಕಡೆ ಮೆಷಿನ್ ಮೇಲೆ ಒತ್ತಿಸಿದರೂ ಗುರುತು ಬರಲಿಲ್ಲ. "ಬದುಕಿದ್ದೀನಿ ಅಂತ ನಾನೇ ಹೇಳಿದರೂ ನಂಬಲ್ವಲ್ಲೋ" ಅಂತ ನಕ್ಕರು, ಪಾಪ.

ನೀವು ನಿಮ್ಮ ಸಂಸ್ಥೆ ಕಡೆಯಿಂದ ಪಕ್ಕದ ಮನೆ ಅಜ್ಜಿಯನ್ನು ನೋಡಲು ಬಂದವರು, ವಿಷಯ ಕಿವಿಗೆ ಬಿದ್ದಿದ್ದೇ ಚಪ್ಪಲಿ ಬಿಟ್ಟು ಒಳಗೆ ಬಂದಿರಿ, ಜೀವನ್ ಪ್ರಮಾಣ್‌ಗೆ, ಅಂದ್ರೆ ಆನ್‌ಲೈನ್‌ನಲ್ಲಿ ಕೊಡೋ ಲೈಫ್ ಸರ್ಟಿಫಿಕೇಟ್‌ಗೆ, ಬೆರಳೇ ಬೇಕಂತಿಲ್ಲ, ಮೊಬೈಲಿಗೆ ಮುಖ ತೋರಿಸಿದರೂ ಸಾಕು ಅಂದಿರಿ, ಅಪ್ಪನನ್ನು ಕಿಟಕಿ ಬೆಳಕಿಗೆ ಕೂರಿಸಿ "ಒಂದ್ಸಲ ಕಣ್ಣು ಮಿಟುಕಿಸಿ ತಾತ" ಅಂದಿರಿ. ಅವರು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತುಬಿಟ್ಟರು! ಮೂರನೇ ಸಲಕ್ಕೆ ಆಯಿತು.

80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು ಅನ್ನೋದೂ ನಿಮ್ಮಿಂದಲೇ ಗೊತ್ತಾಯಿತು. ಹಿರಿಯರ ಸಹಾಯವಾಣಿ 14567 ಅಂತ ಗೋಡೆ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿರಿ, "ಮಗಳನ್ನು ಸಂಜೆ ಪಾಠಕ್ಕೆ ಕಳಿಸಿ, ದುಡ್ಡೇನೂ ಬೇಡ" ಅಂದಿರಿ. ತುಂಬಾ ಥ್ಯಾಂಕ್ಸ್ ಅಕ್ಕಾ. ಕಾಫಿ ಮಾತ್ರ ಕುಡಿಯದೇ ಹೋದಿರಿ, ಅಪ್ಪ ಇನ್ನೂ ಅದನ್ನೇ ಹೇಳುತ್ತಿದ್ದಾರೆ.